ಅಳಲಾರದ ಗಂಡಸು: ಒಂದು ಕಾರ್ಟೂನು ಹೇಳುವ ಆರೋಗ್ಯ ಪಾಠ

ಕಳೆದ ಮಳೆಗಾಲದಲ್ಲಿ ದುದ್ದದ ನನ್ನ ಚಿಕಿತ್ಸಾಲಯಕ್ಕೆ ನಲವತ್ತರ ಆಸುಪಾಸಿನ ರೈತರೊಬ್ಬರು ಬಂದರು. ಜತೆಯಲ್ಲಿ ಹೈಸ್ಕೂಲಿನಲ್ಲಿ ಓದುವ ಮಗನಿದ್ದ. "ಗ್ಯಾಸ್ ಟ್ರಬಲ್ಲು ಡಾಕ್ಟ್ರೇ. ಎದೆ ಡವಡವ ಅಂತದೆ, ರಾತ್ರಿ ನಿದ್ದೆ ಬರಾಕಿಲ್ಲ" ಎಂದರು. ಇಸಿಜಿ ತೆಗೆಸಿದೆ. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಎಲ್ಲವನ್ನೂ ನೋಡಿದ್ದಾಯಿತು. ಯಾವುದರಲ್ಲೂ ದೋಷವಿರಲಿಲ್ಲ. ಮಾತ್ರೆ ಕೊಟ್ಟು ಕಳಿಸಿದೆ. ಹದಿನೈದು ದಿನಕ್ಕೆ ಮತ್ತೆ ಬಂದರು, ಅದೇ ದೂರು.

ಮೂರನೆಯ ಸಲ ಬಂದಾಗ ಮಗನೇ ಬಾಯಿಬಿಟ್ಟ. "ಚಿಕ್ಕಪ್ಪ ತೀರಿಕೊಂಡ ಮ್ಯಾಕೆ ಅಪ್ಪ ಹಿಂಗಾಗದೆ ಸಾರ್. ಬೈಕ್ ಸದ್ದು ಕೇಳುದ್ರೆ ಬೆಚ್ಚಿಬೀಳ್ತದೆ. ಆ ರಸ್ತೆ ಕಡೀಕೇ ಹೋಗಾಕಿಲ್ಲ."

ಎಂಟು ತಿಂಗಳ ಹಿಂದೆ ಇವರ ತಮ್ಮ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದರು. ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದವರು ಇವರೇ. ಹಾಲು ತುಪ್ಪ, ತಿಥಿ, ಸಾಲ ತೀರಿಸುವುದು ಎಲ್ಲವನ್ನೂ ಮುಂದೆ ನಿಂತು ಮಾಡಿದರು. ಒಂದು ಹನಿ ಕಣ್ಣೀರು ಹಾಕಲಿಲ್ಲ. "ನಾನೇ ಕುಸುದ್ರೆ ಮನೇರ್ಗೆಲ್ಲ ಧೈರ್ಯ ಹೇಳೋರ್ಯಾರು ಡಾಕ್ಟ್ರೇ?" ಎಂದರು. ರಾತ್ರಿ ಕುಡಿಯುವ ಅಭ್ಯಾಸ ಆಮೇಲೆ ಅಂಟಿಕೊಂಡಿತ್ತು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಹೊರಡುವಾಗ ಹುಡುಗ ನನ್ನ ಬಳಿ ಬಂದು, "ಸಾರ್, ಅವತಾರ್ ಅಂತ ಕಾರ್ಟೂನ್ ಅದೆ. ಅದ್ರಲ್ಲಿ ಒಬ್ಬ ತಾತ ಮಗನ್ನ ಕಳ್ಕಂಡಿರ್ತನೆ. ಅಷ್ಟು ದೊಡ್ಡ ಸೇನಾಪತಿ, ಅವನೂ ಅಳ್ತನೆ. ನಮ್ಮಪ್ಪ ಮಾತ್ರ ಅಳಾದೇ ಇಲ್ಲ" ಎಂದ.

ಆ ಭಾನುವಾರ ನನ್ನ ಮಗಳ ಜತೆ ಕುಳಿತು ಆ ಕಾರ್ಟೂನು ನೋಡತೊಡಗಿದೆ. ಮಕ್ಕಳ ಆಟದ ಸರಕು ಎಂದುಕೊಂಡಿದ್ದ ನನಗೆ, ಮಾನಸಿಕ ಆಘಾತವನ್ನು ಇಷ್ಟು ಸರಳವಾಗಿ ವಿವರಿಸಿದ್ದನ್ನು ನೋಡಿ ಆಶ್ಚರ್ಯವಾಯಿತು.

ಯಾವುದು ಈ ಕಾರ್ಟೂನು?

ಇದು ನೀಲಿ ಮೈಬಣ್ಣದ ಜನರಿರುವ ಹಾಲಿವುಡ್ ಸಿನಿಮಾ ಅಲ್ಲ. 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಎಂಬ ಧಾರಾವಾಹಿ. ಅಮೆರಿಕದ ನಿಕಲೋಡಿಯನ್ ವಾಹಿನಿಯಲ್ಲಿ 2005ರಿಂದ 2008ರವರೆಗೆ 61 ಕಂತುಗಳಲ್ಲಿ ಪ್ರಸಾರವಾಯಿತು. ನೀರು, ಭೂಮಿ, ಬೆಂಕಿ, ಗಾಳಿ ಎಂಬ ನಾಲ್ಕು ನಾಡುಗಳು. ಬೆಂಕಿಯ ನಾಡು ಉಳಿದವರ ಮೇಲೆ ನೂರು ವರ್ಷ ಯುದ್ಧ ಮಾಡಿದೆ. ಈ ಕಥೆಯ ಗಂಡು ಪಾತ್ರಗಳಲ್ಲಿ ಹೆಚ್ಚಿನವರು ಒಂದಲ್ಲ ಒಂದು ಪೆಟ್ಟು ತಿಂದವರೇ.

ಆಂಗ್ ಹನ್ನೆರಡು ವರ್ಷದ ಹುಡುಗ. ನೂರು ವರ್ಷ ಮಂಜುಗಡ್ಡೆಯೊಳಗಿದ್ದು ಎದ್ದು ಬಂದಾಗ ಅವನ ಜನಾಂಗವೇ ನಾಶವಾಗಿರುತ್ತದೆ. ಗುರುವಿನ ಅಸ್ಥಿಪಂಜರ ಕಂಡಾಗ ಅವನ ದುಃಖ ರೌದ್ರವಾಗಿ ಸಿಡಿಯುತ್ತದೆ. ಆಗ ಗೆಳತಿ ಕಟಾರಾ ಅವನಿಗೆ ಬುದ್ಧಿ ಹೇಳುವುದಿಲ್ಲ. ನಿನ್ನ ನೋವು ನನಗೆ ಗೊತ್ತು, ಇನ್ನು ನಾವೇ ನಿನ್ನ ಮನೆಯವರು ಎಂದು ಹತ್ತಿರ ಹೋಗಿ ಕೈ ಹಿಡಿಯುತ್ತಾಳೆ.

ಅವಳ ಅಣ್ಣ ಸೊಕ್ಕಾ ಸದಾ ನಗಿಸುವ ಹುಡುಗ. ತಾಯಿ ದಾಳಿಯಲ್ಲಿ ಸತ್ತಿದ್ದಾಳೆ, ತಂದೆ ಯುದ್ಧಕ್ಕೆ ಹೋಗಿದ್ದಾನೆ. ಎಷ್ಟೋ ಕಂತುಗಳ ನಂತರ ಒಂದು ದಿನ, ತಾಯಿಯ ಮುಖವನ್ನು ನೆನೆಯಲು ಹೋದರೆ ತಂಗಿಯ ಮುಖವೇ ಕಣ್ಣಿಗೆ ಬರುತ್ತದೆ ಎಂದು ಗೆಳತಿಯೊಬ್ಬಳಲ್ಲಿ ಹೇಳಿಕೊಳ್ಳುತ್ತಾನೆ. ಮನೆಯಲ್ಲಿ ಎಲ್ಲರನ್ನೂ ನಗಿಸುವವನ ಒಳಗೂ ನೋವಿರಬಹುದು ಎಂಬುದಕ್ಕೆ ಇದು ಉದಾಹರಣೆ.

ಜುಕೋ ಬೆಂಕಿ ನಾಡಿನ ರಾಜಕುಮಾರ. ಹೊಸ ಸೈನಿಕರನ್ನು ಬಲಿಕೊಡುವ ಯೋಜನೆಯನ್ನು ವಿರೋಧಿಸಿ ಮಾತನಾಡಿದ್ದಕ್ಕೆ ಹದಿಮೂರನೆಯ ವಯಸ್ಸಿನಲ್ಲಿ ತಂದೆಯೇ ಅವನ ಮುಖ ಸುಟ್ಟು ಗಡೀಪಾರು ಮಾಡಿರುತ್ತಾನೆ. ಆಮೇಲೆ ಅವನಲ್ಲಿ ಕಾಣುವುದು ದುಃಖವಲ್ಲ, ಬರೀ ಸಿಟ್ಟು. ಕಿರುಚುತ್ತಾನೆ, ಹಿತೈಷಿಗಳನ್ನೇ ಬೈಯುತ್ತಾನೆ, ಹೊಡೆದ ತಂದೆಯ ಮೆಚ್ಚುಗೆಗಾಗಿಯೇ ಹಾತೊರೆಯುತ್ತಾನೆ.

ಹುಡುಗ ಹೇಳಿದ ತಾತ ಈ ಜುಕೋನ ದೊಡ್ಡಪ್ಪ ಐರೋ. ಆರುನೂರು ದಿನ ಒಂದು ನಗರಕ್ಕೆ ಮುತ್ತಿಗೆ ಹಾಕಿದ್ದ ಸೇನಾಪತಿ. ಒಬ್ಬನೇ ಮಗ ಅಲ್ಲಿ ಸತ್ತ ಮೇಲೆ ಯುದ್ಧ ಬಿಟ್ಟು ಹಿಂತಿರುಗುತ್ತಾನೆ. ಮಗನ ಹುಟ್ಟುಹಬ್ಬದ ದಿನ ಗುಡ್ಡದ ಮೇಲೊಂದು ಮರದಡಿ ಅವನ ಚಿತ್ರವಿಟ್ಟು, ಹಾಡುತ್ತಾ ಅಳುತ್ತಾನೆ. 2006ರಲ್ಲಿ ಪ್ರಸಾರವಾದ ಈ ಭಾಗವನ್ನು, ಆ ಪಾತ್ರಕ್ಕೆ ದನಿ ಕೊಟ್ಟು ಅದೇ ವರ್ಷ ತೀರಿಕೊಂಡ ನಟ ಮಾಕೋ ಅವರಿಗೆ ಅರ್ಪಿಸಲಾಗಿದೆ. ಅಳುವುದರಿಂದ ಐರೋ ದುರ್ಬಲನಾಗುವುದಿಲ್ಲ. ಕಥೆಯಲ್ಲಿ ಇನ್ನೊಬ್ಬರ ನೋವು ತಿಳಿಯುವ ಶಕ್ತಿ ಹೆಚ್ಚಾಗಿ ಇರುವುದು ಅವನಿಗೇ.

ಮಾನಸಿಕ ಆಘಾತ ಎಂದರೇನು?

ಪ್ರಾಣಾಪಾಯ, ಅಪಘಾತ, ಹಿಂಸೆ, ಕಣ್ಣೆದುರು ಆತ್ಮೀಯರ ಸಾವು ಇಂಥವನ್ನು ಅನುಭವಿಸಿದಾಗ ಮಿದುಳಿನ ಅಪಾಯದ ಗಂಟೆ ಬಾರಿಸುತ್ತದೆ. ಅಡ್ರಿನಲಿನ್ ಹರಿದು ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಅಪಾಯ ಕಳೆದ ಮೇಲೆ ಈ ಗಂಟೆ ನಿಲ್ಲಬೇಕು. ಬಹುಪಾಲು ಜನರಲ್ಲಿ ಮನೆಯವರ ಆಸರೆ, ನಿದ್ದೆ ಮತ್ತು ಕಾಲದಿಂದ ಅದು ನಿಲ್ಲುತ್ತದೆ. ಕೆಲವರಲ್ಲಿ ಮಾತ್ರ ಬಾರಿಸುತ್ತಲೇ ಇರುತ್ತದೆ. ನಡೆದುಹೋದ ಘಟನೆ ಅವರ ಪಾಲಿಗೆ ಹಳೆಯದಾಗುವುದೇ ಇಲ್ಲ.

ಮೊದಲ ಮಹಾಯುದ್ಧದಲ್ಲಿ ಸೈನಿಕರಲ್ಲಿ ಕಂಡ ಇಂಥ ಸ್ಥಿತಿಯನ್ನು 'ಶೆಲ್ ಶಾಕ್' ಎಂದು ಕರೆದರು. ಎಷ್ಟೋ ಜನರಿಗೆ ಹೇಡಿಗಳೆಂಬ ಹೆಸರೂ ಬಂತು. 1980ರಲ್ಲಿ ಅಮೆರಿಕದ ಮನೋವೈದ್ಯರು ಇದನ್ನು ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಮನೋವ್ಯಾಧಿ ಎಂದು ತಮ್ಮ ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ಕೆಳಗಿನ ಲಕ್ಷಣಗಳು ಒಂದು ತಿಂಗಳಿಗಿಂತ ಹೆಚ್ಚು ಕಾಲ ಉಳಿದು ದಿನದ ಕೆಲಸಕ್ಕೆ ಅಡ್ಡಿಯಾದರೆ ಈ ಕಾಯಿಲೆಯನ್ನು ಸಂಶಯಿಸಬೇಕು:

1. ಘಟನೆ ಬೇಡವೆಂದರೂ ಕಣ್ಣೆದುರು ಬರುವುದು, ಕೆಟ್ಟ ಕನಸುಗಳು.
2. ಆ ಜಾಗ, ಆ ಮಾತು, ಆ ಜನರಿಂದ ತಪ್ಪಿಸಿಕೊಂಡು ಓಡಾಡುವುದು.
3. ನನ್ನಿಂದಲೇ ಆಯಿತೆಂಬ ಕೊರಗು. ಯಾರ ಮೇಲೂ ಪ್ರೀತಿ ಹುಟ್ಟದ ಮರಗಟ್ಟಿದ ಭಾವ.
4. ಸಣ್ಣ ಸದ್ದಿಗೂ ಬೆಚ್ಚುವುದು, ನಿದ್ರಾಹೀನತೆ, ಮೂಗಿನ ತುದಿಯ ಸಿಟ್ಟು.

ಗಂಡಸರಲ್ಲಿ ಇದು ಹಲವು ಸಲ ವೇಷ ಮರೆಸಿಕೊಂಡು ಬರುತ್ತದೆ. ಎದೆನೋವು, ಗ್ಯಾಸು, ತಲೆಭಾರ ಎಂದು ಬರುತ್ತಾರೆ. ಇಲ್ಲವೇ ಜುಕೋನಂತೆ ಸಿಟ್ಟು, ಕುಡಿತ, ಅತಿಯಾದ ದುಡಿಮೆಯ ರೂಪದಲ್ಲಿ ಕಾಣುತ್ತದೆ. ದೈಹಿಕ ಪರೀಕ್ಷೆ ಮೊದಲು ಆಗಲೇಬೇಕು, ಏಕೆಂದರೆ ಎದೆನೋವು ನಿಜವಾಗಿ ಹೃದಯದ್ದೂ ಆಗಿರಬಹುದು. ಆದರೆ ವರದಿ ಸರಿಯಿದೆ ಎಂದಾಕ್ಷಣ 'ಏನೂ ಇಲ್ಲ ಹೋಗಿ' ಎನ್ನುವುದು ತಪ್ಪು. ಮೊದಲೆರಡು ಸಲ ನಾನೂ ಅದೇ ತಪ್ಪು ಮಾಡಿದ್ದೆ.

ನಮ್ಮ ಜಿಲ್ಲೆಯ ಗಂಡಸರು

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡಿ ಹೇಳಿಕೊಂಡು ಅಳುತ್ತಾರೆ. ಗಂಡಸರು ಗುಂಡಿ ತೆಗೆಸುವುದು, ಚಟ್ಟ ಕಟ್ಟುವುದು, ತಿಥಿ ಊಟಕ್ಕೆ ಸಾಮಾನು ತರುವುದರಲ್ಲಿರುತ್ತಾರೆ. ಯಾರಾದರೂ ಅತ್ತರೆ 'ಗಂಡ್ಸಾಗಿ ಅಳ್ತೀಯಾ, ಎದೆ ಗಟ್ಟಿ ಮಾಡ್ಕಳ್ಳಲಾ' ಎಂಬ ಮಾತು ಸಿದ್ಧವಾಗಿರುತ್ತದೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಊರಿನವರನ್ನೇ ಹಾಕಿಕೊಂಡು ತೆಗೆದ 'ತಿಥಿ' ಸಿನಿಮಾವನ್ನು ಬಹಳ ಜನ ನೋಡಿದ್ದೀರಿ. ಅಲ್ಲಿ ಅಲೆಯುತ್ತಲೇ ಇರುವ ಗಡ್ಡಪ್ಪ ತನ್ನ ಬದುಕಿನ ನೋವನ್ನು ಹೇಳಿಕೊಳ್ಳುವುದು ಮನೆಯವರ ಮುಂದಲ್ಲ, ಪರಿಚಯವಾದ ಕುರಿಗಾಹಿಗಳ ಮುಂದೆ. ನಾವು ನಕ್ಕ ಆ ಪಾತ್ರದಲ್ಲಿ ಎಷ್ಟೋ ಮನೆಗಳ ಯಜಮಾನರಿದ್ದಾರೆ.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ಮೊದಲು ಓಡಿಬಂದವರು ಸುತ್ತಮುತ್ತಲ ಜನ. ಇಂಥ ಸಂದರ್ಭದಲ್ಲಿ ಸತ್ತವರ ಮನೆಯವರನ್ನು ಎಲ್ಲರೂ ವಿಚಾರಿಸುತ್ತಾರೆ. ಹೆಣ ಎತ್ತಿದ ಕೈಗಳನ್ನು ವಿಚಾರಿಸುವವರು ಕಡಿಮೆ. 2015ರಲ್ಲಿ ಸಾಲ ಮತ್ತು ಕಬ್ಬಿನ ಬಾಕಿಯ ಸಂಕಟದ ನಡುವೆ ನಮ್ಮ ಜಿಲ್ಲೆಯ ರೈತರ ಆತ್ಮಹತ್ಯೆಗಳು ದೇಶಕ್ಕೇ ಸುದ್ದಿಯಾದವು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಪ್ರತಿ ನೂರರಲ್ಲಿ ಸುಮಾರು 72 ಮಂದಿ ಗಂಡಸರು. ಸಾಲ, ಬೆಲೆ, ಮಳೆ ಇವುಗಳಿಗೆ ವೈದ್ಯರಲ್ಲಿ ಮದ್ದಿಲ್ಲ, ನಿಜ. ಆದರೆ ಹೇಳಿಕೊಳ್ಳಲಾಗದ ನೋವು ಅವುಗಳ ಜತೆ ಸೇರಿದಾಗ ಹೊರೆ ದುಪ್ಪಟ್ಟಾಗುತ್ತದೆ.

ಕಾರ್ಟೂನಿನಲ್ಲಿ ಯಾವುದು ಸರಿ, ಯಾವುದು ಅಲ್ಲ?

ಜುಕೋ ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಸರಿದಾರಿಗೆ ಬಂದವನು ಮತ್ತೆ ಜಾರಿ ದೊಡ್ಡಪ್ಪನಿಗೇ ದ್ರೋಹ ಮಾಡುತ್ತಾನೆ. ಕೊನೆಗೆ ಕ್ಷಮೆ ಕೇಳಲು ಬಂದಾಗ, ಮಾತು ಮುಗಿಯುವ ಮೊದಲೇ ಐರೋ ಅವನನ್ನು ತಬ್ಬಿಕೊಳ್ಳುತ್ತಾನೆ. ಚೇತರಿಕೆಯಲ್ಲಿ ಏಳುಬೀಳು ಇರುತ್ತದೆ, ಕಾಯುವ ಒಬ್ಬ ಹಿರಿಯ ಬೇಕು ಎಂಬುದು ವೈದ್ಯಶಾಸ್ತ್ರಕ್ಕೂ ಒಪ್ಪಿಗೆಯಾಗುವ ಮಾತು. ತನ್ನನ್ನು ಸುಟ್ಟ ತಂದೆಯ ಎದುರು ನಿಂತು, ನೀನು ಮಾಡಿದ್ದು ಕ್ರೌರ್ಯ ಎಂದು ಹೇಳಿ ಹೊರಬರುವ ಪ್ರಸಂಗವೂ ಮುಖ್ಯ. ಪೆಟ್ಟು ತಿಂದ ಮಗು ತನ್ನದೇ ತಪ್ಪೆಂದು ನಂಬಿರುತ್ತದೆ. ಆ ನಂಬಿಕೆ ಕಳಚಿದ ಮೇಲೆಯೇ ಗಾಯ ಮಾಯಲು ಶುರುವಾಗುತ್ತದೆ.

ಆಂಗ್‌ಗೆ ಪಥಿಕ್ ಎಂಬ ಗುರು ಏಳು ಚಕ್ರಗಳ ಪಾಠ ಹೇಳುತ್ತಾನೆ. ಭಯ, ಅಪರಾಧ ಭಾವ, ನಾಚಿಕೆ, ಶೋಕ ಎಂದು ಒಂದೊಂದನ್ನೇ ಹೆಸರಿಸಿ ಎದುರಿಸುವಂತೆ ಮಾಡುತ್ತಾನೆ. ಚಕ್ರಗಳ ವಿಚಾರ ವೈದ್ಯಶಾಸ್ತ್ರದ್ದಲ್ಲ. ಆದರೆ ನೋವಿಗೆ ಹೆಸರಿಡುವುದು, ಸುರಕ್ಷಿತ ಜಾಗದಲ್ಲಿ ಹಂತಹಂತವಾಗಿ ಅದನ್ನು ನೋಡುವುದು ಆಪ್ತ ಸಮಾಲೋಚನೆಗೆ ಬಹಳ ಹತ್ತಿರ.

ಕೊರತೆಯೂ ಇದೆ. ಕಥೆಯಲ್ಲಿ ಇಡೀ ಪಯಣ ಒಂದು ವರ್ಷದೊಳಗೆ ಮುಗಿಯುತ್ತದೆ, ಒಂದು ಅಪ್ಪುಗೆಯಿಂದ ಬಹಳಷ್ಟು ಸರಿಹೋಗುತ್ತದೆ. ನಿಜ ಜೀವನದಲ್ಲಿ ಅಪ್ಪುಗೆಯ ಜತೆಗೆ ಚಿಕಿತ್ಸೆಯೂ ಬೇಕಾಗಬಹುದು. ಅಳು ಒಂದೇ ಮದ್ದೂ ಅಲ್ಲ. ಅಳು ಬಾರದವನನ್ನು ಬಲವಂತವಾಗಿ ಅಳಿಸುವುದು, ಘಟನೆಯನ್ನು ಮತ್ತೆ ಮತ್ತೆ ಕೆದಕಿ ಕೇಳುವುದು ಹಾನಿಕರ.

ಚಿಕಿತ್ಸೆ ಏನು?

ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಯೇ ಮುಖ್ಯ. ತರಬೇತಿ ಪಡೆದವರು ವಾರಕ್ಕೊಮ್ಮೆಯಂತೆ ಕೆಲವು ತಿಂಗಳು ಇದನ್ನು ಮಾಡುತ್ತಾರೆ. ಅಗತ್ಯವಿದ್ದರೆ ಸರ್ಟ್ರಲೀನ್‌ನಂಥ ಮಾತ್ರೆಗಳನ್ನು ವೈದ್ಯರು ಕೊಡುತ್ತಾರೆ. ಇವು ಕೆಲಸ ಮಾಡಲು ಕೆಲವು ವಾರಗಳು ಬೇಕು, ನಡುವೆ ತಾವೇ ನಿಲ್ಲಿಸಬಾರದು. ಅಂಗಡಿಯಿಂದ ನಿದ್ದೆ ಮಾತ್ರೆ ತಂದು ನುಂಗುವುದು ಈ ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಚಟವಾಗುತ್ತದೆ. ಮದ್ಯವೂ ಹಾಗೆಯೇ. ಮೊದಲು ಮಂಪರು ತಂದರೂ ನಡುರಾತ್ರಿಯ ನಿದ್ದೆಯನ್ನು ಕೆಡಿಸುತ್ತದೆ. ದಿನವೂ ಹೆಚ್ಚು ಕುಡಿಯುವವರು ಥಟ್ಟನೆ ಬಿಡುವುದು ಅಪಾಯ, ವೈದ್ಯರ ಸಲಹೆಯಂತೆ ಬಿಡಬೇಕು.

ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.

ಮನೆಯವರು ನೆನಪಿಡಬೇಕಾದ್ದು

* 'ಧೈರ್ಯ ತಂದ್ಕೋ' ಎನ್ನುವ ಬದಲು 'ನಿನಗೆ ಹೇಗನ್ನಿಸುತ್ತಿದೆ?' ಎಂದು ಕೇಳಿ. ಉತ್ತರ ಬಾರದಿದ್ದರೆ ಸುಮ್ಮನೆ ಜತೆಗಿರಿ. ಜಗಲಿಯ ಮೇಲೆ ಒಟ್ಟಿಗೆ ಕಾಫಿ ಕುಡಿಯುವುದೂ ಸಹಾಯವೇ.
* ಗಂಡುಮಗು ಅತ್ತಾಗ 'ಹೆಣ್ಣಿನಂಗೆ ಅಳಬೇಡ' ಎನ್ನಬೇಡಿ. ಹೊಡೆದು ಗಟ್ಟಿಮಾಡುತ್ತೇನೆಂಬುದು ತಪ್ಪು ಕಲ್ಪನೆ.
* 'ನಾನಿರಬಾರದಿತ್ತು', 'ಎಲ್ಲ ಮುಗೀತು' ಎಂಬ ಮಾತು ಬಂದರೆ ಲಘುವಾಗಿ ನೋಡಬೇಡಿ. ಒಬ್ಬರನ್ನೇ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯಲ್ಲಿಡಬೇಡಿ, ಇಡಲೇಬೇಕಾದರೆ ಬೀಗ ಹಾಕಿ ಬೀಗದ ಕೈಯನ್ನು ಬೇರೆಯವರು ಇಟ್ಟುಕೊಳ್ಳಿ.
* ಇಂಥ ಕಾರ್ಟೂನುಗಳನ್ನು ಮಕ್ಕಳ ಜತೆ ಕುಳಿತು ನೋಡಿ. ನೇರವಾಗಿ ಆಡಲಾಗದ ಮಾತು ಪಾತ್ರದ ನೆಪದಲ್ಲಿ ಬರುತ್ತದೆ.

ಆ ರೈತರು ಮೊದಲು ಮನೋವೈದ್ಯರ ಹೆಸರು ಕೇಳಿ ಸಿಟ್ಟಾದರು. "ನಾನೇನು ಹುಚ್ಚನಾ?" ಎಂದರು. ನಾನೇ ಚೀಟಿ ಬರೆದುಕೊಟ್ಟು ಒಪ್ಪಿಸಿದೆ. ಈಗ ಐದು ತಿಂಗಳಾಗಿದೆ. ನಿದ್ದೆ ಸುಧಾರಿಸಿದೆ, ಕುಡಿತ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ತಮ್ಮ ಬಿದ್ದ ರಸ್ತೆಯಲ್ಲಿ ಒಂದು ದಿನ ಮಗನೊಡನೆ ನಡೆದುಹೋಗಿ ಬಂದರಂತೆ. "ಅಲ್ಲಿ ಕುಂತು ಇಬ್ರೂ ಅತ್ಬುಟ್ವು ಡಾಕ್ಟ್ರೇ" ಎಂದು ತಲೆ ತಗ್ಗಿಸಿ ಹೇಳಿದರು. ನಾಚಿಕೆಪಡಬೇಕಾದ್ದು ಏನೂ ಇಲ್ಲ ಎಂದೆ. ಮುಂದಿನ ತಿಂಗಳು ತಪ್ಪದೆ ಬರಲು ಹೇಳಿದ್ದೇನೆ.