ನೀರಿಗಿಳಿಯುವವರಿಗೆ ಯಾವ ವಿಮೆ?

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡಿ ಬರುವುದು ನಗರಗಳ ಯುವಜನರಿಗೆ ವಾರಾಂತ್ಯದ ವಿಹಾರವಾಗಿದೆ. ಅದಕ್ಕೆಂದೇ ಪ್ರತ್ಯೇಕ ಅಪಘಾತ ವಿಮೆ ಬೇಕೇ ಎಂಬ ಪ್ರಶ್ನೆಯೂ ಜೊತೆಗೆ ಬಂದಿದೆ. ಕಡಲಿನಿಂದ ಬಹುದೂರವಿರುವ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೆ ಇದು ಸಂಬಂಧಿಸಿದ್ದಲ್ಲವೆಂದು ತೋರಬಹುದು. ಆದರೆ ಇದೇ ಪ್ರಶ್ನೆಯನ್ನು ಕೃಷ್ಣಾ ಮತ್ತು ಭೀಮಾ ತೀರದಲ್ಲಿ ನಿಂತು ಕೇಳಿದರೆ ಅದರ ಗಾಂಭೀರ್ಯ ಹೆಚ್ಚುತ್ತದೆ.

ಮೊದಲು ವಿಹಾರಿಗಳ ವಿಷಯ. ಆಗಾಗ ಸಂಭವಿಸುವ ಸಣ್ಣ ನಷ್ಟವನ್ನು ನಾವೇ ಭರಿಸಬೇಕು. ಅಪರೂಪಕ್ಕೆ ಸಂಭವಿಸಿ ಕುಟುಂಬವನ್ನೇ ಮುಳುಗಿಸುವ ನಷ್ಟವನ್ನು ಹಲವರೊಡನೆ ಹಂಚಿಕೊಳ್ಳಬೇಕು. ವಿಮೆಯ ಅರ್ಥಶಾಸ್ತ್ರ ಇಷ್ಟೇ. ಸ್ಕೂಬಾ ಅಪಘಾತ ಎರಡನೆಯ ಬಗೆಯದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯಲ್ಲಿರುವುದರ ಎರಡು ಪಟ್ಟಾಗುತ್ತದೆ. ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ ಹೆಚ್ಚಾಗಿ ಕರಗುತ್ತದೆ. ಅವಸರದಲ್ಲಿ ಮೇಲೆದ್ದರೆ ಅದು ಗುಳ್ಳೆಗಳಾಗಿ ನರಮಂಡಲಕ್ಕೂ ಹಾನಿ ಮಾಡಬಲ್ಲದು. ಇದಕ್ಕೆ ಒತ್ತಡ ಕೋಣೆಯ ಚಿಕಿತ್ಸೆ ಬೇಕು. ಅಂಥ ಸೌಲಭ್ಯ ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ. ರೋಗಿಯನ್ನು ಅಲ್ಲಿಗೆ ತಲುಪಿಸುವುದೇ ದೊಡ್ಡ ವೆಚ್ಚ. 1980ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಮುಳುಗುಗಾರರಿಗೆ ತುರ್ತು ನೆರವು ನೀಡುತ್ತ ಬಂದು, ಮುಂದೆ ವಿಶೇಷ ವಿಮೆಯನ್ನೂ ಒದಗಿಸಿದ್ದು ಈ ಕಾರಣದಿಂದಲೇ.

ಹಾಗೆಂದು ಎಲ್ಲರೂ ಹೊಸ ಪಾಲಿಸಿ ಕೊಳ್ಳಬೇಕಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಆರೋಗ್ಯ ವಿಮೆಯ ವಿನಾಯಿತಿ ಷರತ್ತುಗಳನ್ನು ಏಕರೂಪಗೊಳಿಸಿತು. ಅದರಂತೆ ಸ್ಕೂಬಾ ಸೇರಿದಂತೆ ಸಾಹಸ ಕ್ರೀಡೆಗಳಲ್ಲಿ 'ವೃತ್ತಿಪರರಾಗಿ' ಭಾಗವಹಿಸಿ ಗಾಯಗೊಂಡವರ ಚಿಕಿತ್ಸೆಗೆ ಕಂಪನಿ ಹಣ ನಿರಾಕರಿಸಬಹುದು. ಹವ್ಯಾಸಿಗಳಿಗೆ ಈ ಷರತ್ತು ಅನ್ವಯಿಸದು. ಆದರೆ ಅನೇಕ ವೈಯಕ್ತಿಕ ಅಪಘಾತ ಪಾಲಿಸಿಗಳು ಸಾಹಸ ಕ್ರೀಡೆಯನ್ನೇ ಹೊರಗಿಡುತ್ತವೆ. ಆದ್ದರಿಂದ ಒಮ್ಮೆ ಹೋಗಿಬರುವವರು ತಮ್ಮ ಪಾಲಿಸಿಯನ್ನು ಓದಿ, ಕಂಪನಿಯಿಂದ ಲಿಖಿತ ಉತ್ತರ ಪಡೆದರೆ ಸಾಕು. ವರ್ಷಕ್ಕೆ ಹಲವು ಬಾರಿ, ಹೆಚ್ಚು ಆಳಕ್ಕೆ ಇಳಿಯುವವರಿಗೆ ಮಾತ್ರ ವಿಶೇಷ ವಿಮೆ ಅಗತ್ಯ.

ಈ 'ವೃತ್ತಿಪರ' ಎಂಬ ಪದವೇ ವಿಚಾರಕ್ಕೆ ಎಡೆಗೊಡುತ್ತದೆ. ಸಂತೋಷಕ್ಕಾಗಿ ಮುಳುಗುವವನು ರಕ್ಷಣೆಯ ಒಳಗೆ. ಹೊಟ್ಟೆಪಾಡಿಗಾಗಿ ಮುಳುಗುವವನು ಹೊರಗೆ. ನಮ್ಮ ಜಿಲ್ಲೆಯಲ್ಲಿ ಈ ಎರಡನೆಯ ಬಗೆಯವರೇ ಹೆಚ್ಚು. ತೆರೆದ ಬಾವಿಯ ಪಂಪಿನ ಫುಟ್‌ವಾಲ್ವ್ ಸಿಕ್ಕಿಕೊಂಡರೆ ಹಗ್ಗ ಹಿಡಿದು ಇಳಿಯುವವರಿದ್ದಾರೆ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿಗೆ ಸೇರಿರುವ ಆಲಮಟ್ಟಿಯ ಹಿನ್ನೀರಿನಲ್ಲಿ, ಮುದ್ದೇಬಿಹಾಳದ ಅಂಚಿನ ಬಸವಸಾಗರದಲ್ಲಿ ಬಲೆ ಬೀಸುವ ಮೀನುಗಾರರಿದ್ದಾರೆ. ಕಾಲುವೆಯಲ್ಲೋ ನದಿಯಲ್ಲೋ ಯಾರಾದರೂ ಕೊಚ್ಚಿಹೋದರೆ ಅಧಿಕಾರಿಗಳು ಮೊದಲು ಹೇಳಿಕಳುಹಿಸುವುದು ಇವರಿಗೇ. 2020ರ ಅಕ್ಟೋಬರ್ ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿದಂತೆ ಮತ್ತೊಮ್ಮೆ ಉಕ್ಕಿದಾಗಲೂ ಈಜುಬಲ್ಲವರ ಮೊರೆ ಹೋಗಲೇಬೇಕು. ಇವರ ಬೆನ್ನಿಗೆ ಗಾಳಿಯ ಸಿಲಿಂಡರೂ ಇಲ್ಲ, ಕೈಯಲ್ಲಿ ಪಾಲಿಸಿಯೂ ಇಲ್ಲ.

ಇರುವ ಆಸರೆಗಳು ಚದುರಿಹೋಗಿವೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ, 18ರಿಂದ 70 ವರ್ಷದೊಳಗಿನ ಖಾತೆದಾರರಿಗೆ, ಅಪಘಾತದಲ್ಲಿ ಮರಣ ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ ರೂಪಾಯಿ ದೊರೆಯುತ್ತದೆ. ನೀರಿನಲ್ಲಿ ಮುಳುಗಿ ಸತ್ತರೆ ಪೊಲೀಸ್ ದಾಖಲೆ ಅಗತ್ಯ. ಚಿಕಿತ್ಸಾ ವೆಚ್ಚಕ್ಕೆ ಅದರಲ್ಲಿ ಅವಕಾಶವಿಲ್ಲ. ಮತ್ಸ್ಯ ಸಂಪದ ಯೋಜನೆಯಡಿ ಮೀನುಗಾರರಿಗೆ 5 ಲಕ್ಷ ರೂಪಾಯಿಯ ಗುಂಪು ಅಪಘಾತ ವಿಮೆ ಇದ್ದು, ಪ್ರೀಮಿಯಂ ಸರ್ಕಾರದ್ದೇ. ಆದರೆ ಬಾವಿಗಿಳಿಯುವ ಕೂಲಿಕಾರ ಮೀನುಗಾರನಲ್ಲ. ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ರಕ್ಷಣಾ ಕಾರ್ಯದಲ್ಲಿ ಮಡಿದವರ ಕುಟುಂಬಕ್ಕೂ 4 ಲಕ್ಷ ರೂಪಾಯಿ ಉಂಟು. ಆದರೆ ಘೋಷಿತ ವಿಪತ್ತಾಗಿರಬೇಕು. ಒಬ್ಬ ಬಾಲಕನನ್ನು ಹುಡುಕಲು ಕಾಲುವೆಗೆ ಧುಮುಕಿದವನ ಸಾವು ಯಾವ ಕಡತಕ್ಕೆ ಸೇರಬೇಕು?

ವಿಮೆ ಕೊಟ್ಟರೆ ಜನ ಅಜಾಗರೂಕರಾಗುತ್ತಾರೆ ಎಂಬ ಆಕ್ಷೇಪವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಹಗುರವಾಗಿ ಕಾಣಲಾರೆ. ಆದರೆ ತನ್ನ ಪ್ರಾಣವೇ ಪಣವಾಗಿರುವಾಗ ಪರಿಹಾರದ ಆಸೆಗೆ ಯಾರೂ ಮುಳುಗುವುದಿಲ್ಲ. ಅಲ್ಲದೆ ವಿಮೆಗೆ ಷರತ್ತು ವಿಧಿಸಬಹುದು: ದಡದಲ್ಲಿ ಹಗ್ಗ ಹಿಡಿದ ಇನ್ನೊಬ್ಬರಿರಬೇಕು, ಕತ್ತಲಾದ ಮೇಲೆ ಇಳಿಯಬಾರದು, ಅಣೆಕಟ್ಟೆಯಿಂದ ನೀರು ಬಿಡುವ ಸಮಯ ತಿಳಿದಿರಬೇಕು. ವಿಮೆಯು ಶಿಸ್ತಿನ ಸಾಧನವೂ ಆಗಬಲ್ಲದು.

ಸೇವೆಯಲ್ಲಿದ್ದ ಅನುಭವದಿಂದ ಹೇಳುವುದಾದರೆ, ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಪ್ರತಿ ತಾಲ್ಲೂಕಿನ ತಹಶೀಲ್ದಾರರು ಗ್ರಾಮ ಪಂಚಾಯಿತಿಗಳ ಮೂಲಕ ಈಜುಗಾರರ ಹಾಗೂ ಬಾವಿ ಕೆಲಸಗಾರರ ಪಟ್ಟಿ ಸಿದ್ಧಪಡಿಸಲಿ. ಮೊದಲ ಹಂತದಲ್ಲಿ ಎಲ್ಲರನ್ನೂ ಸುರಕ್ಷಾ ಯೋಜನೆಗೆ ಸೇರಿಸಲಿ. ನೂರು ಜನರ ವಾರ್ಷಿಕ ಪ್ರೀಮಿಯಂ 2,000 ರೂಪಾಯಿ ಮಾತ್ರ. ಅದರ ಮೇಲೆ, ಚಿಕಿತ್ಸೆಯನ್ನೂ ಒಳಗೊಂಡು, 'ವೃತ್ತಿ'ಯ ನೆಪದಲ್ಲಿ ಯಾರನ್ನೂ ಹೊರಗಿಡದ ಗುಂಪು ಪಾಲಿಸಿಯನ್ನು ಜಿಲ್ಲಾಡಳಿತ ಸಾರ್ವಜನಿಕ ವಲಯದ ಕಂಪನಿಯೊಂದರಿಂದ ಪಡೆಯಲಿ. ಆಡಳಿತದ ಕರೆಗೆ ಓಗೊಟ್ಟು ನೀರಿಗಿಳಿದವನ ಪ್ರೀಮಿಯಂ ಆಡಳಿತವೇ ಕಟ್ಟುವುದು ನ್ಯಾಯ.

ನೇತ್ರಾಣಿಗೆ ಹೋಗುವವರಿಗೆ ಆಯ್ಕೆಯಿದೆ: ವಿಮೆ ಕೊಳ್ಳಬಹುದು, ಇಲ್ಲವೇ ಇಳಿಯದೆ ದೋಣಿಯಲ್ಲೇ ಉಳಿಯಬಹುದು. ಬಾವಿಗೂ ಹೊಳೆಗೂ ಇಳಿಯುವವರಿಗೆ ಆ ಎರಡೂ ಆಯ್ಕೆಗಳಿಲ್ಲ. ವಿಶೇಷ ವಿಮೆಯ ಅಗತ್ಯ ಹೆಚ್ಚಿರುವುದು ಅವರಿಗೆ.