ವೃತ್ತಿಪರ ಆನ್‌ಲೈನ್ ಪೋಕರ್ ಆಟಗಾರ

ಪೋಕರ್ ಎಂಬ ಇಸ್ಪೀಟು ಆಟವನ್ನು ಅಂತರ್ಜಾಲದಲ್ಲಿ ಹಣ ಪಣವಿಟ್ಟು ಆಡಿ, ಅದರ ಗಳಿಕೆಯಿಂದಲೇ ಜೀವನ ಸಾಗಿಸುವವರನ್ನು ವೃತ್ತಿಪರ ಆನ್‌ಲೈನ್ ಪೋಕರ್ ಆಟಗಾರರೆನ್ನುತ್ತಾರೆ. ಇಲ್ಲಿ ಎದುರಾಳಿಗಳು ಇತರ ಆಟಗಾರರೇ ಹೊರತು ಆಟ ನಡೆಸುವ ಸಂಸ್ಥೆಯಲ್ಲ. ಸಂಸ್ಥೆಯು ಪಣದ ಮೊತ್ತದಿಂದ 'ರೇಕ್' ಎಂಬ ಸಣ್ಣ ಪಾಲನ್ನು ಮುರಿದುಕೊಳ್ಳುತ್ತದೆ. ಆದುದರಿಂದ ಆಟಗಾರರೆಲ್ಲರ ಲಾಭನಷ್ಟಗಳನ್ನು ಕೂಡಿದರೆ ಉಳಿಯುವುದು ನಷ್ಟವೇ. ಇತರರಿಗಿಂತ ಚೆನ್ನಾಗಿ ಆಡಿದರೆ ಸಾಲದು, ರೇಕ್ ಕಳೆದ ಮೇಲೂ ಮಿಗುವಷ್ಟು ಚೆನ್ನಾಗಿ ಆಡಬೇಕು.

ಅಮೆರಿಕದ ಟೆನೆಸಿ ರಾಜ್ಯದ ಲೆಕ್ಕಿಗ ಕ್ರಿಸ್ ಮನಿಮೇಕರ್ (ಇದು ಅವರ ನಿಜವಾದ ಕುಲನಾಮವೇ) 86 ಡಾಲರ್ ಶುಲ್ಕದ ಆನ್‌ಲೈನ್ ಅರ್ಹತಾ ಪಂದ್ಯದ ಮೂಲಕ 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆಯನ್ನು ತಲುಪಿ, 839 ಸ್ಪರ್ಧಿಗಳಲ್ಲಿ ಮೊದಲಿಗರಾಗಿ 25 ಲಕ್ಷ ಡಾಲರ್ ಗೆದ್ದರು. ಮರುವರ್ಷ ಸ್ಪರ್ಧಿಗಳ ಸಂಖ್ಯೆ 2,576ಕ್ಕೆ ಏರಿತು. ಸೋತವರ ಕಥೆ ಮಾತ್ರ ಇಷ್ಟು ಪ್ರಚಾರ ಪಡೆಯಲಿಲ್ಲ.

ವೃತ್ತಿಪರರು ಏಕಕಾಲಕ್ಕೆ ಹಲವು ಮೇಜುಗಳಲ್ಲಿ ಆಡುತ್ತಾರೆ. ಆಟದ ಬಂಡವಾಳವನ್ನು ಮನೆಖರ್ಚಿನ ಹಣದೊಡನೆ ಬೆರೆಸುವುದಿಲ್ಲ. ಎಲೆ ಬೀಳುವುದು ಅದೃಷ್ಟದಂತೆ. ನಿಪುಣರೂ ತಿಂಗಳುಗಟ್ಟಲೆ ಸೋಲಬಹುದು. ಸಹಸ್ರಾರು ಸುತ್ತುಗಳ ಲೆಕ್ಕವನ್ನು ಒಟ್ಟಾಗಿ ನೋಡಿದಾಗಲೇ ಗೆಲುವು ಜಾಣ್ಮೆಯದೋ ಅದೃಷ್ಟದ್ದೋ ತಿಳಿಯುತ್ತದೆ. ಹೊಸಬರಲ್ಲಿ ಅನೇಕರು ಅಷ್ಟರೊಳಗೆ ಕೈಯಲ್ಲಿದ್ದುದನ್ನು ಕಳೆದುಕೊಂಡಿರುತ್ತಾರೆ.

ಈ ವೃತ್ತಿಯ ಅಳಿವು ಉಳಿವು ಕಾನೂನಿನ ಕೈಯಲ್ಲಿದೆ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರವು ಪ್ರಮುಖ ಪೋಕರ್ ತಾಣಗಳ ವಿರುದ್ಧ ಕ್ರಮ ಕೈಗೊಂಡಾಗ ಅನೇಕ ಆಟಗಾರರ ಹಣ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಕರ್ನಾಟಕವು 2021ರಲ್ಲಿ ತಂದ ನಿಷೇಧವನ್ನು ರಾಜ್ಯದ ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಹಣದ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿದೆ. ಅದರಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ ಮತ್ತು ಜಾಹೀರಾತು ನೀಡುವವರಿಗೆ, ಆಡುವವರಿಗಲ್ಲ.