ಏಳು ಗೋಳ, ಒಂದು ವರ

ಕಿತ್ತಳೆ ಬಣ್ಣದ ಏಳು ಗೋಳಗಳು. ಒಂದರೊಳಗೆ ಒಂದು ನಕ್ಷತ್ರ, ಇನ್ನೊಂದರಲ್ಲಿ ಎರಡು... ಹೀಗೆ ಏಳರವರೆಗೆ. ಅಷ್ಟನ್ನೂ ಕೂಡಿಸಿ ಕರೆದರೆ ಆಕಾಶ ಕಪ್ಪಾಗುತ್ತೆ, ಶೆನ್ರಾನ್ ಅನ್ನೋ ಡ್ರ್ಯಾಗನ್ ಎದ್ದು ಬಂದು ಕೇಳುತ್ತೆ: ಏನು ವರ ಬೇಕು?

ಇದು ಜಪಾನಿನ ಅಕಿರಾ ತೋರಿಯಾಮ 1984ರಲ್ಲಿ ಶುರುಮಾಡಿದ 'ಡ್ರ್ಯಾಗನ್ ಬಾಲ್' ಲೋಕ.

ಅಲ್ಲಿ ನಾವು ನೋಡೋ ಮೊದಲ ವರ ಯಾವುದು ಗೊತ್ತಾ? ಜಗತ್ತನ್ನೇ ಆಳಬೇಕು ಅಂತ ಪಿಲಾಫ್ ಅನ್ನೋ ಖಳ ಬಾಯಿ ತೆರೆಯುವಷ್ಟರಲ್ಲಿ, ಊಲಾಂಗ್ ಅನ್ನೋ ಹಂದಿ ಅಡ್ಡ ನುಗ್ಗಿ ಹುಡುಗಿಯ ಒಳಚಡ್ಡಿ ಕೇಳಿಬಿಡ್ತು! ಡ್ರ್ಯಾಗನ್ ಕೊಟ್ಟೂಬಿಡ್ತು. ಜಗತ್ತು ಉಳೀತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲೇ ಶ್ರೇಷ್ಠ ವರ ಅದು.

ವರ ಕೊಟ್ಟ ಮೇಲೆ ಗೋಳಗಳು ದಿಕ್ಕಾಪಾಲಾಗಿ ಹಾರಿ, ಒಂದು ವರ್ಷ ಬರೀ ಕಲ್ಲು. ತನ್ನನ್ನು ಸೃಷ್ಟಿಸಿದವನ ಶಕ್ತಿ ಮೀರಿದ್ದನ್ನು ಶೆನ್ರಾನ್ ಕೊಡಲಾರದು.

ನಿಮ್ಮ ವರ ಯಾವುದು? ಯೋಚಿಸಿ ಬರೀರಿ, ಊಲಾಂಗ್ ಥರ ಬೇಡ.